ಹಿಂದಿನ ರೋಗಿಯ ಲೇಬಲ್

2023ರ ಜೂನ್‌ನಲ್ಲಿ ನಾನು ಶಿರಸಿಯ ಒಂದು ಖಾಸಗಿ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಕೇಳಿದವರಿಗೆ ದೊಡ್ಡ ಹುದ್ದೆ ಅನಿಸಬಹುದು. ಇಡೀ ಸಂಸ್ಥೆಯಲ್ಲಿ ಆ ಕೆಲಸಕ್ಕೆ ಇದ್ದವನು ನಾನೊಬ್ಬನೇ. ಸರ್ವರ್ ಕೆಟ್ಟರೂ ನಾನೇ, ಮೌಸ್ ಕೆಟ್ಟರೂ ನಾನೇ, ಮಾಲೀಕ ಡಾಕ್ಟರರ ಮನೆಯ ಟಿ.ವಿ. ಕೆಟ್ಟರೂ ನಾನೇ. ಮುಖ್ಯ ಪ್ರಯೋಗಾಲಯ ಶಿರಸಿಯಲ್ಲಿತ್ತು. ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ ರಕ್ತ ಸಂಗ್ರಹಿಸುವ ಒಂದೊಂದು ಕೇಂದ್ರವಿತ್ತು. ದಿನಕ್ಕೆ ಎರಡು ಸಲ ಆ ಎರಡೂ ಊರುಗಳಿಂದ ಐಸ್ ಪೆಟ್ಟಿಗೆಗಳು ಬಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು.

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರಕರಣದಲ್ಲಿ ಯಾರೂ ಯಾರ ಹತ್ತಿರವೂ ಒಳ್ಳೆಯ ಮಾತಾಡಿದ್ದು ನನಗೆ ನೆನಪಿಲ್ಲ.

ಮೂರೂ ಕಡೆಯ ಹದಿನಾರು ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿದವನು ನಾನು. ಡಾಕ್ಟರರ ಜೊತೆ ಆರು ತಿಂಗಳು ಜಗಳವಾಡಿ ಹಾಕಿಸಿದ್ದೆ. ಲಿನಕ್ಸ್ ಬಳಸುವವರು ಸಾಮಾನ್ಯವಾಗಿ ಅದನ್ನು ಒಂದು ಡಿಸ್ಟ್ರಿಬ್ಯೂಷನ್ ರೂಪದಲ್ಲಿ ಪಡೆಯುತ್ತಾರೆ. ಅಂದರೆ ಸಾವಿರಾರು ಪ್ರೋಗ್ರಾಂಗಳನ್ನು ಆರಿಸಿ, ಪರೀಕ್ಷಿಸಿ, ಒಂದು ಕಟ್ಟು ಮಾಡಿ ಹಂಚುವ ಬಳಗವೊಂದಿರುತ್ತದೆ. ಕಟ್ಟಿನೊಳಗಿನ ಒಂದೊಂದು ಪ್ರೋಗ್ರಾಂಗೆ ಪ್ಯಾಕೇಜ್ ಎನ್ನುತ್ತಾರೆ, ಅದನ್ನು ನೋಡಿಕೊಳ್ಳುವ ವ್ಯಕ್ತಿಗೆ ಮೇಂಟೇನರ್ ಎನ್ನುತ್ತಾರೆ. ನಾವು ಹಾಕಿಕೊಂಡದ್ದು ಐದು ವರ್ಷ ಬದಲಾಗದ ಸ್ಥಿರ ಆವೃತ್ತಿ. ಹೊಸದು ಏನೇ ಬಂದರೂ ಅದರೊಳಗೆ ಬಿಡುವುದಿಲ್ಲ. ಅದಕ್ಕೇ ಅದು ಕೆಡುವುದಿಲ್ಲ ಎಂದು ಎಲ್ಲರೆದುರು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಸಿದ್ದಾಪುರದ ಕೇಂದ್ರವನ್ನು ರೇವತಿ ನಾಯ್ಕ ಎಂಬ ಟೆಕ್ನಿಷಿಯನ್ ನೋಡಿಕೊಳ್ಳುತ್ತಿದ್ದರು. ವಯಸ್ಸು ಮೂವತ್ತನಾಲ್ಕು, ಒಂಬತ್ತು ವರ್ಷದ ಸೇವೆ. ಮೂರೂ ಕಡೆಗಳಲ್ಲಿ ಅತಿ ಬೇಗ ಸಾಲು ಕರಗಿಸುವವರು ಅವರೇ. ಅವರ ಕೆಲಸದ ಕ್ರಮ ಹೀಗಿತ್ತು: ರೋಗಿಯ ಹೆಸರು ಕಂಪ್ಯೂಟರಿಗೆ ಹಾಕಿದೊಡನೆ ಪಕ್ಕದ ಪುಟ್ಟ ಪ್ರಿಂಟರಿನಿಂದ ಎರಡು ಲೇಬಲ್ ಬರುತ್ತವೆ. ಒಂದನ್ನು ರಕ್ತದ ಟ್ಯೂಬಿಗೆ, ಇನ್ನೊಂದನ್ನು ರೋಗಿಯ ಫಾರಂಗೆ ಹಚ್ಚಬೇಕು. ಲೇಬಲ್ ಮೇಲೆ ಹೆಸರು ಮತ್ತು ಬಾರ್‌ಕೋಡ್ ಇರುತ್ತದೆ. ಮನುಷ್ಯರು ಹೆಸರು ಓದುತ್ತಾರೆ. ಶಿರಸಿಯ ಯಂತ್ರ ಬಾರ್‌ಕೋಡನ್ನು ಮಾತ್ರ ಓದುತ್ತದೆ. ಬಾರ್‌ಕೋಡಿನ ಕೆಳಗೆ ಅಂಕಿಗಳೂ ಇರಬೇಕಿತ್ತು. ಹೆಸರು ದೊಡ್ಡದಾಗಿ ಕಾಣಲಿ ಎಂದು ಅವನ್ನು ತೆಗೆದುಹಾಕಿದ್ದವನು ನಾನು. ಇದು ಮುಂದೆ ಬರುತ್ತದೆ.

ಜೂನ್ 15ರ ಗುರುವಾರ ಬೆಳಿಗ್ಗೆ ಸಿದ್ದಾಪುರ ಕೇಂದ್ರದಲ್ಲಿ ಅರವತ್ತೆರಡು ವರ್ಷದ ರೈತರೊಬ್ಬರು ಹರ್ನಿಯಾ ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆಂದು ರಕ್ತ ಕೊಟ್ಟರು. ಅವರ ನಂತರ ಒಬ್ಬ ಬಾಣಂತಿ ಕೊಟ್ಟರು. ಸಂಜೆ ರೈತರ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 6.1 ಎಂದು ಬಂತು. ಗಂಡಸಿಗೆ ಹದಿಮೂರರ ಮೇಲಿರಬೇಕಾದದ್ದು ಅದು. ಆಸ್ಪತ್ರೆಯವರು ಗಾಬರಿಯಾಗಿ ಆಪರೇಷನ್ ನಿಲ್ಲಿಸಿ, ರಕ್ತ ಕೊಡಲು ಅವರನ್ನು ದಾಖಲು ಮಾಡಿಕೊಂಡರು. ಬಾಟಲಿ ತೂಗುಹಾಕುವ ಹೊತ್ತಿಗೆ ಅಲ್ಲಿಯ ನರ್ಸ್ ಒಬ್ಬರಿಗೆ ಅನುಮಾನ ಬಂತು. ಇಷ್ಟು ಕೆಂಪಗಿರುವ ಮನುಷ್ಯನಿಗೆ ರಕ್ತ ಯಾಕೆ ಎಂದು ಮತ್ತೆ ಪರೀಕ್ಷೆ ಮಾಡಿಸಿದರು. 13.4 ಬಂತು. ಅತ್ತ ಬಾಣಂತಿಯ ಹೆಸರಿನೆದುರು ನಮ್ಮ ಸಿಸ್ಟಂ ‘ಸ್ಯಾಂಪಲ್ ತಲುಪಿಲ್ಲ’ ಎಂದು ತೋರಿಸಿತು. ಆಕೆಯನ್ನು ಶನಿವಾರ ಮತ್ತೆ ಕರೆಸಿ ರಕ್ತ ತೆಗೆದರೆ 6.0. ರಕ್ತ ಬೇಕಾಗಿದ್ದ ಹೆಂಗಸು ಎರಡು ದಿನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು.

ಆಗಿದ್ದು ಏನೆಂದು ಹೇಳಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಬಾಣಂತಿಯ ಟ್ಯೂಬ್ ರೈತರ ನಂಬರಿನಲ್ಲಿ ಯಂತ್ರದೊಳಗೆ ಹೋಗಿದೆ. ಒಂದೇ ನಂಬರು ಎರಡನೇ ಸಲ ಬಂದಾಗ ಯಂತ್ರ ಅದನ್ನು ಮರುಪರೀಕ್ಷೆ ಎಂದು ತಿಳಿದು ಹಳೆಯ ಫಲಿತಾಂಶ ಅಳಿಸಿ ಹೊಸದನ್ನು ಇಟ್ಟುಕೊಂಡಿದೆ. ಶಿರಸಿಯಲ್ಲಿ ಯಂತ್ರ ನಡೆಸುತ್ತಿದ್ದ ಬನವಾಸಿ ಕಡೆಯ ವೀರೇಶನನ್ನು ಕೇಳಿದೆ.

“ರಿಪೀಟ್ ಅಂತ ಬಂತ್ರಿ, ಓಕೆ ಒತ್ತೀನ್ರಿ. ದಿನಾ ಹತ್ತ್ ಬರ್ತಾವ್ರಿ ಹಂಗ. ಒಂದೊಂದೂ ನೋಡ್ಕೋತ ಕುಂತ್ರ ಕೆಲ್ಸ ಆಗೂದಿಲ್ರಿ” ಎಂದ.

ದೂರು ನಮ್ಮಲ್ಲಿಗೆ ಬಂದದ್ದು ಸೋಮವಾರ, ಜೂನ್ 19ಕ್ಕೆ. ಟ್ಯೂಬುಗಳನ್ನು ಎರಡು ದಿನ ಮಾತ್ರ ಇಟ್ಟು ಎಸೆಯುವ ಪದ್ಧತಿ, ಹಾಗಾಗಿ ಟ್ಯೂಬ್ ಇರಲಿಲ್ಲ. ಡಾಕ್ಟರರು ನನ್ನನ್ನು ಕರೆದು, ಸಿಸ್ಟಂ ಪರಿಶೀಲಿಸಿ ವರದಿ ಕೊಡು ಎಂದರು. ನಾನು ಒಂದು ಗಂಟೆ ಲಾಗ್ ನೋಡಿದೆ. ಲಾಗ್ ಎಂದರೆ ಕಂಪ್ಯೂಟರ್ ತಾನು ಮಾಡಿದ ಕೆಲಸವನ್ನು ತಾನೇ ಬರೆದಿಡುವ ದಿನಚರಿ. ಅದರಲ್ಲಿ ಎಲ್ಲವೂ ಸರಿಯಿತ್ತು. ಹಿಂದಿನ ಮೂರು ತಿಂಗಳಲ್ಲಿ ‘ಸ್ಯಾಂಪಲ್ ತಲುಪಿಲ್ಲ’ ಎಂದು ರೋಗಿಯನ್ನು ಮತ್ತೆ ಕರೆಸಿದ ಪ್ರಸಂಗ ಇನ್ನೂ ನಾಲ್ಕಿದ್ದವು. ನಾಲ್ಕೂ ಸಿದ್ದಾಪುರದವು. ಯಲ್ಲಾಪುರದಲ್ಲಿ ಒಂದೂ ಇಲ್ಲ. ಪ್ರಿಂಟರ್ ಒಂದೇ ಮಾದರಿ, ಪ್ಯಾಕೇಜ್ ಒಂದೇ, ವ್ಯತ್ಯಾಸ ಏನಿದ್ದರೂ ಕೂತವರದ್ದು. ರೇವತಿಯೇ ರೈತರ ಎರಡನೇ ಲೇಬಲನ್ನು ಬಾಣಂತಿಯ ಟ್ಯೂಬಿಗೆ ಹಚ್ಚಿದ್ದಾಳೆ ಎಂದು ತೀರ್ಮಾನಿಸಿದೆ. ಜೂನ್ 20ರಂದು ವರದಿ ಬರೆದೆ. ‘ಕಾರಣ: ಆಪರೇಟರ್ ತಪ್ಪು. ಸಿಸ್ಟಂನಲ್ಲಿ ಯಾವ ದೋಷವೂ ಇಲ್ಲ.’ ಕೆಳಗೆ ಸಹಿ.

ಅಂದೇ ರೇವತಿ ಮೂರು ಸಲ ಫೋನ್ ಮಾಡಿದ್ದರು. ಮೂರನೆಯ ಸಲ ಎತ್ತಿದೆ.

“ಸಾರ್, ನಾ ಅದ್ಲುಬದ್ಲು ಮಾಡ್ಲಿಲ್ಲ. ಫಾರಂ ಫೈಲ್‌ನಾಗೆ ಐತೆ, ಒಂದ್ಸಲ ಬಂದು ನೋಡಿ.”

“ಎಲ್ಲಾ ಇಲ್ಲೇ ಕಾಣ್ತದೆ. ಬರೋ ಅಗತ್ಯ ಇಲ್ಲ” ಎಂದು ಇಟ್ಟೆ.

ಮರುದಿನ ಅವರನ್ನು ಮನೆಗೆ ಕಳಿಸಿದರು. ಡಾಕ್ಟರರು ಜುಲೈ 31ರವರೆಗೆ ಅಮಾನತು ಎಂದು ಬರೆದರು. ಆಮೇಲೆ ಕೆಲಸದಿಂದ ತೆಗೆಯುವುದು, ಜೊತೆಗೆ ಟೆಕ್ನಿಷಿಯನ್‌ಗಳ ನೋಂದಣಿ ಮಾಡುವ ಕಚೇರಿಗೆ ದೂರು ಕಳಿಸುವುದು ಎಂದಾಯಿತು. ಆ ದೂರು ಹೋದರೆ ನೋಂದಣಿ ರದ್ದಾಗುತ್ತದೆ. ಆಮೇಲೆ ಯಾವ ಊರಿನಲ್ಲೂ ಅವರು ಸೂಜಿ ಹಿಡಿಯುವ ಹಾಗಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದೆ.

ಜೂನ್ 28ರಂದು ಸಿದ್ದಾಪುರ ಕೇಂದ್ರದ ಯುಪಿಎಸ್ ಬ್ಯಾಟರಿ ಸತ್ತಿತು. ಕರೆಂಟು ಹೋದರೆ ಕಂಪ್ಯೂಟರ್ ಕುಸಿಯುತ್ತದೆ ಎಂದು ಬದಲಿ ಟೆಕ್ನಿಷಿಯನ್ ಕೂಗಾಡಿದ್ದರಿಂದ ನಾನು ಹೋದೆ. ಬ್ಯಾಟರಿ ಕೂಡಿಸಿ, ಎಲ್ಲ ಸರಿಯಾಗಿದೆಯೇ ಎಂದು ಸ್ಕ್ಯಾನರ್ ಪರೀಕ್ಷಿಸಲು ಬಾರ್‌ಕೋಡ್ ಇರುವ ಒಂದು ಕಾಗದ ಬೇಕಾಗಿತ್ತು. ಮೇಜಿನ ಮೇಲೆ ಜೂನ್ ತಿಂಗಳ ಫಾರಂ ಫೈಲ್ ಇತ್ತು. ತೆರೆದೆ. ಇನ್ನು ಫೈಲ್ ತೆರೆದ ಮೇಲೆ 15ನೇ ತಾರೀಕು ನೋಡದೆ ಇರಲಾಗಲಿಲ್ಲ. ಬಾಣಂತಿಯ ಫಾರಂ ಮೇಲಿನ ಲೇಬಲ್ ನೋಡಿದೆ. ಹೆಸರು ಆಕೆಯದೇ. ಸ್ಕ್ಯಾನರ್ ಹಿಡಿದೆ. ಪರದೆಯ ಮೇಲೆ ರೈತರ ಹೆಸರು ಬಂತು.

ಮತ್ತೊಮ್ಮೆ ಹಿಡಿದೆ. ಮತ್ತೂ ರೈತರೇ.

ಒಂದೇ ಲೇಬಲ್ ಮೇಲೆ ಹೆಸರು ಒಬ್ಬರದು, ಬಾರ್‌ಕೋಡ್ ಹಿಂದಿನವರದು. ಇದನ್ನು ಯಾವ ಟೆಕ್ನಿಷಿಯನ್ ಕೂಡ ಕೈಯಿಂದ ಮಾಡಲಾರ. ಕಣ್ಣಿಂದ ಹಿಡಿಯಲೂ ಆಗುವುದಿಲ್ಲ, ಯಾಕೆಂದರೆ ಬಾರ್‌ಕೋಡಿನ ಕೆಳಗೆ ಇರಬೇಕಾದ ಅಂಕಿಗಳನ್ನು ನಾನು ತೆಗೆದಿದ್ದೆ. ನನಗೆ ಅಲ್ಲೇ ಬೆವರು ಬಂತು. ಬದಲಿ ಟೆಕ್ನಿಷಿಯನ್ ನೀರು ಬೇಕೇ ಎಂದು ಕೇಳಿದಳು. ಸುಮ್ಮನೆ ಕೆಲಸ ನೋಡಮ್ಮ ಎಂದು ಅವಳ ಮೇಲೆಯೇ ಹರಿಹಾಯ್ದೆ.

ಪ್ರತಿ ಲೇಬಲನ್ನೂ ಸ್ಕ್ಯಾನ್ ಮಾಡಿ ನೋಡಿಯೇ ಹಚ್ಚಿ ಎಂದು ಎಲ್ಲ ಕಡೆಗೂ ಹೇಳಿದೆ. ಎರಡು ದಿನ ಹುಡುಕಿದ ಮೇಲೆ ಕಳ್ಳ ಸಿಕ್ಕಿದ. ಕಂಪ್ಯೂಟರಿನ ಮಾತನ್ನು ಲೇಬಲ್ ಪ್ರಿಂಟರಿಗೆ ತಲುಪಿಸುವ ಪ್ಯಾಕೇಜಿನಲ್ಲಿ ಒಂದು ದೋಷವಿತ್ತು. ಅದು ಹೆಸರನ್ನು ಅಕ್ಷರವಾಗಿ, ಬಾರ್‌ಕೋಡನ್ನು ಚಿತ್ರವಾಗಿ ಬೇರೆ ಬೇರೆ ಕಳಿಸುತ್ತದೆ. ಯಾವುದೋ ಸಂದರ್ಭದಲ್ಲಿ ಚಿತ್ರ ತಲುಪದೇ ಹೋದರೆ ಪ್ರಿಂಟರ್ ತನ್ನ ನೆನಪಿನಲ್ಲಿರುವ ಹಿಂದಿನ ಚಿತ್ರವನ್ನೇ ಹೊಡೆದುಬಿಡುತ್ತದೆ. ಪ್ಯಾಕೇಜ್ ಮಾತ್ರ ‘ಆಯಿತು’ ಎಂದು ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. ನಾನು ನಂಬಿದ್ದು ಆ ‘ಆಯಿತು’ವನ್ನು. ಆ ಪ್ರೋಗ್ರಾಂ ಬರೆದವರು ಒಂದು ವರ್ಷದ ಹಿಂದೆಯೇ ಹೊಸ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದ್ದರು. ಆದರೆ ನಮ್ಮದು ಬದಲಾಗದ ಸ್ಥಿರ ಆವೃತ್ತಿಯಲ್ಲವೇ, ಅದರಲ್ಲಿ ಹಳೆಯದೇ ಉಳಿದಿತ್ತು.

ಇಂಥದ್ದಕ್ಕೆ ಇರುವ ದಾರಿ ಬ್ಯಾಕ್‌ಪೋರ್ಟ್. ಹೊಸ ಆವೃತ್ತಿಯಲ್ಲಿ ಆದ ರಿಪೇರಿಯಷ್ಟನ್ನೇ ಎತ್ತಿ ಹಳೆಯ ಆವೃತ್ತಿಗೆ ಹಚ್ಚುವುದು, ಹೊಸ ಅಂಗಿಯ ಗುಂಡಿ ಕಿತ್ತು ಹಳೆಯ ಅಂಗಿಗೆ ಹೊಲಿದ ಹಾಗೆ. ನಮ್ಮ ಕಂಪ್ಯೂಟರಿಗೆ ಮಾತ್ರ ಬೇಕಾದರೆ ನಾನೇ ಹೊಲಿದುಕೊಳ್ಳಬಹುದಿತ್ತು. ಡಾಕ್ಟರರು ಒಪ್ಪಲಿಲ್ಲ. ಪ್ರಯೋಗಾಲಯದ ಮಾನ್ಯತೆಗೆ ಬರುವ ತಪಾಸಣೆಯವರು ಅಧಿಕೃತ ಪ್ಯಾಕೇಜ್ ಬಿಟ್ಟು ಬೇರೆಯದಿದ್ದರೆ ಕೆಂಪು ಗೀಟು ಎಳೆಯುತ್ತಾರೆ ಎಂಬುದು ಒಂದು. ಇನ್ನೊಂದನ್ನು ಅವರು ಮುಖಕ್ಕೇ ಹೇಳಿದರು.

“ಹತ್ತು ದಿನದ ಹಿಂದೆ ಅವಳ ತಪ್ಪು ಅಂತ ಸಹಿ ಹಾಕಿ ಕೊಟ್ಟೆ. ಇವತ್ತು ಪ್ರೋಗ್ರಾಂ ತಪ್ಪು ಅಂತೀಯ. ನಾಳೆ ನನ್ನ ತಪ್ಪು ಅಂತೀಯ. ನಿನ್ನ ಮಾತು ನಂಗೆ ಬೇಡ. ಆ ಪ್ರೋಗ್ರಾಂ ನೋಡ್ಕೊಳ್ಳೋರು ಹೌದು ಅಂತ ಒಪ್ಪಲಿ. ಆವಾಗ ಅವಳನ್ನ ಕರೀತೇನೆ.”

ಹೀಗೆ ರೇವತಿಯ ಕೆಲಸ ಮತ್ತು ನೋಂದಣಿ ಎರಡೂ, ಭೂಮಿಯ ಯಾವುದೋ ಮೂಲೆಯಲ್ಲಿ ಕೂತ, ನಾವು ಕಾಣದ ಒಬ್ಬ ಮೇಂಟೇನರನ ‘ಹೌದು’ಗೆ ಬಂದು ನಿಂತವು. ಉಳಿದದ್ದು ಒಂದು ತಿಂಗಳು.

ಜುಲೈ 2ರ ಭಾನುವಾರ, ಯಾರು ಬೇಕಾದರೂ ದೋಷ ಬರೆದು ತಿಳಿಸಬಹುದಾದ ಆ ಬಳಗದ ವೆಬ್ ಪುಟದಲ್ಲಿ ಕೋರಿಕೆ ಬರೆದೆ. ಅದು ಕೋರಿಕೆಯಲ್ಲ, ನಮ್ಮ ಕಡೆಯ ಅರ್ಜಿ. ನಮ್ಮ ಕಡೆ ಅರ್ಜಿ ಎಂದರೆ ಮೊದಲ ಪುಟದಲ್ಲಿ ಪೂರ್ವಪೀಠಿಕೆ, ಎರಡನೇ ಪುಟದಲ್ಲಿ ಆದ ಅನ್ಯಾಯ, ಮೂರನೇ ಪುಟದಲ್ಲಿ ಕೂಡಲೇ ಕ್ರಮ ಕೈಗೊಳ್ಳದಿದ್ದರೆ ಮುಂದಾಗುವುದಕ್ಕೆ ತಾವೇ ಹೊಣೆ ಎಂಬ ಎಚ್ಚರಿಕೆ. ಅಷ್ಟನ್ನೂ ಇಂಗ್ಲಿಷಿನಲ್ಲಿ ಬರೆದೆ. ಪ್ರಯೋಗಾಲಯದ ಇತಿಹಾಸ ಬರೆದೆ. ಲಿನಕ್ಸ್ ತರಲು ನಾನು ಪಟ್ಟ ಪಾಡು ಬರೆದೆ. ನಿಮ್ಮ ಅಸಡ್ಡೆಯಿಂದ ಒಬ್ಬ ಬಡ ಹೆಂಗಸಿನ ಅನ್ನ ಹೋಗುತ್ತಿದೆ ಎಂದು ಬರೆದೆ. ದೋಷ ಹುಟ್ಟುವುದು ಯಾವಾಗ, ಹೇಗೆ ಎಂಬ ಒಂದು ಸಾಲು ಮಾತ್ರ ಬರೆಯಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ.

ಎರಡು ದಿನದ ನಂತರ ಉತ್ತರ ಬಂತು. ಮೂರೇ ವಾಕ್ಯ. ‘ಸ್ಥಿರ ಆವೃತ್ತಿಯನ್ನು ಮುಟ್ಟಬೇಕಾದರೆ ದೋಷವನ್ನು ಮತ್ತೆ ಹುಟ್ಟಿಸುವ ಹಂತಗಳು ಬೇಕು. ನಾನು ಪ್ರಯತ್ನಿಸಿದೆ, ಹುಟ್ಟಲಿಲ್ಲ. ಆಪರೇಟರ್ ತಪ್ಪು ಅಲ್ಲ ಎಂದು ಖಚಿತಪಡಿಸಿಕೊಂಡಿದ್ದೀರಾ?’

ಕೊನೆಯ ವಾಕ್ಯ ಓದಿ ಕೆಂಡವಾದೆ. ಇಲ್ಲಿಯ ಗಂಧಗಾಳಿ ಗೊತ್ತಿಲ್ಲದವನು, ಕೂತಲ್ಲಿಂದ ಏಳದೆ ನಮ್ಮವರ ಮೇಲೆ ತಪ್ಪು ಹೊರಿಸುತ್ತಾನಲ್ಲ ಎಂದು ಇಡೀ ಆಫೀಸಿಗೆ ಕೇಳುವ ಹಾಗೆ ಬೈದೆ. ಬೈದದ್ದು ಕನ್ನಡದಲ್ಲಿ, ಹಾಗಾಗಿ ಅವನಿಗೆ ನಷ್ಟವಾಗಲಿಲ್ಲ. ನಾನೇ ಪ್ರಿಂಟರ್ ಎದುರಿಗಿಟ್ಟುಕೊಂಡು ಮೂವತ್ತು ಸಲ ಪ್ರಯತ್ನಿಸಿದೆ. ಕೇಬಲ್ ಎಳೆದೆ, ಕರೆಂಟ್ ತೆಗೆದೆ, ಲೇಬಲ್ ರೋಲ್ ಮುಗಿಸಿ ಹೊಸ ರೋಲ್ ಹಾಕಿದೆ. ಮೂವತ್ತು ಸಲವೂ ಲೇಬಲ್ ಸರಿಯಾಗಿಯೇ ಬಂತು.

ಆಗ ಯಲ್ಲಾಪುರ ಕೇಂದ್ರದ ಉಸ್ತುವಾರಿ ಸುಬ್ರಾಯ ಹೆಗಡೆ ಫೋನ್ ಮಾಡಿದ. ನಮ್ಮಲ್ಲಿ ಎಲ್ಲ ಕೆಲಸಕ್ಕೂ ಒಂದು ಕ್ರಮವಿದೆ. ಬಸ್ ನಿಲ್ಲಿಸಬೇಕೆಂದರೆ, ಟ್ರಾನ್ಸ್‌ಫಾರ್ಮರ್ ಬೇಕೆಂದರೆ, ಶಾಲೆಯ ಮೇಷ್ಟ್ರ ವರ್ಗಾವಣೆ ತಡೆಯಬೇಕೆಂದರೆ ಸಹಿ ಸಂಗ್ರಹ ಮಾಡುವುದು. ಹೆಗಡೆ ಅದರಲ್ಲಿ ಪಳಗಿದವನು.

“ಎಂತದ ಮಾರಾಯ, ಒಬ್ನೇ ಅರ್ಜಿ ಕೊಟ್ರೆ ಯಾರು ಓದ್ತ? ಸಹಿ ಬೇಕು, ಸಹಿ. ನಲವತ್ತು ಜನ ಹೇಳಿರೆ ಅವಕ್ಕೂ ಹೆದ್ರಿಕೆ ಬತ್ತು. ಆನು ಮಾಡ್ತೆ, ನೀನು ಸುಮ್ನಿರು” ಎಂದ.

ನಾನು ಸುಮ್ಮನಿದ್ದೆ. ಅದೂ ಒಂದು ತಪ್ಪು. ಕೋರಿಕೆ ಇದ್ದ ಪುಟದ ವಿಳಾಸವನ್ನು ಅವನಿಗೆ ಕಳಿಸಿಯೂ ಕೊಟ್ಟೆ.

ಎರಡು ದಿನದಲ್ಲಿ ಯಲ್ಲಾಪುರ, ನಂದೊಳ್ಳಿ, ಮಂಚಿಕೇರಿಯಿಂದ ನಲವತ್ತೊಂದು ಜನ ಆ ಪುಟಕ್ಕೆ ಹೊಸ ಖಾತೆ ತೆರೆದು ಬರೆದರು. ಬಹುಪಾಲು ಹೆಗಡೆಯ ಕೇಂದ್ರದ ಕಂಪ್ಯೂಟರಿನಿಂದಲೇ, ರಕ್ತ ಕೊಡಲು ಬಂದವರನ್ನು ಕೂರಿಸಿ ಬರೆಸಿದ್ದು. ‘ನಮಗೂ ಇದೇ ತೊಂದರೆಯಾಗಿದೆ’ ಎಂದು ಬರೆದ ಒಬ್ಬರ ಮನೆಯಲ್ಲಿ ಪ್ರಿಂಟರ್ ಇರಲಿ, ಕಂಪ್ಯೂಟರೇ ಇರಲಿಲ್ಲ. ಹನ್ನೆರಡು ಜನ ಒಂದೇ ವಾಕ್ಯವನ್ನು ಒಂದೇ ತಪ್ಪಿನೊಡನೆ ಬರೆದಿದ್ದರು. ನಂದೊಳ್ಳಿಯ ಹಿರಿಯರೊಬ್ಬರು ಹೇಗೂ ಬರೆಯುತ್ತಿದ್ದೇನಲ್ಲ ಎಂದು ತಮ್ಮ ಮನೆಯ ಹತ್ತಿರದ ಮೋರಿ ಕುಸಿದ ವಿಷಯವನ್ನೂ ಸೇರಿಸಿದ್ದರು.

ಜುಲೈ 7ರ ಬೆಳಿಗ್ಗೆ ಪುಟಕ್ಕೆ ಬೀಗ ಬಿದ್ದಿತ್ತು. ಬಳಗದ ನಿರ್ವಾಹಕರು ನಲವತ್ತೊಂದು ಖಾತೆಗಳನ್ನೂ ಜೊತೆಗೆ ನನ್ನದನ್ನೂ ನಿಲ್ಲಿಸಿದ್ದರು. ಸಂಘಟಿತ ದುರ್ಬಳಕೆ ಎಂದು ಕಾರಣ ಕೊಟ್ಟಿದ್ದರು. ಕೆಳಗೆ ಮೇಂಟೇನರನ ಒಂದು ಸಾಲಿತ್ತು: ‘ನನಗೆ ಸಹಿಗಳು ಬೇಕಿಲ್ಲ. ತೋರಿಸಿ, ಸಾಕು.’

ಹೆಗಡೆಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಅಂದೆ. “ಆನು ಎಂತ ಮಾಡಿದೆ? ನಿಂಗೆ ಉಪಕಾರ ಮಾಡಿದ್ದೇ ತಪ್ಪಾತು” ಎಂದು ಅವನೂ ಅಂದ. ಆ ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಫೋನ್ ಇಟ್ಟು ಕೂತಾಗ ಆ ಹಳೆಯ ಪ್ರಶ್ನೆ ಪರದೆಯ ಮೇಲೆ ಹಾಗೇ ಇತ್ತು. ಆಪರೇಟರ್ ತಪ್ಪು ಅಲ್ಲ ಎಂದು ಖಚಿತಪಡಿಸಿಕೊಂಡಿದ್ದೀರಾ? ‘ಆಪರೇಟರ್ ತಪ್ಪು’ ಎಂಬ ಆ ಎರಡು ಪದ ನನಗೆ ಎಲ್ಲೋ ಕಂಡ ಹಾಗನಿಸಿತು. ಕಪಾಟಿನಿಂದ ಜೂನ್ 20ರ ನನ್ನ ವರದಿ ತೆಗೆದೆ. ಅವನು ಕೇಳಿದ್ದ, ನಾನು ಕೇಳದೆ ಬರೆದಿದ್ದೆ. ನನಗೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಜುಲೈ 9ರ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಸಿದ್ದಾಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ರೇವತಿಯ ಊರಿಗೆ ಹೋದೆ. ಅವರು ಮನೆಯ ಮುಂದಿನ ಗದ್ದೆಯಿಂದ ಭತ್ತದ ಸಸಿಯ ಕಟ್ಟುಗಳನ್ನು ಹೊತ್ತು ತರುತ್ತಿದ್ದರು. ನನ್ನನ್ನು ಕಂಡರು. ಕಟ್ಟು ಇಳಿಸಿ ಕೈ ತೊಳೆದರು. ಕೂರಿ ಎನ್ನಲಿಲ್ಲ. ನೀರು ಕೊಡಲಿಲ್ಲ. ನಮ್ಮ ಸೀಮೆಯಲ್ಲಿ ಅಂಗಳಕ್ಕೆ ಬಂದವರಿಗೆ ನೀರು ಕೊಡದೆ ನಿಲ್ಲಿಸುವುದೆಂದರೆ ಏನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಾರಂ ನೋಡಿದ್ದು ಹೇಳಿದೆ. ಪ್ಯಾಕೇಜಿನ ದೋಷ ಹೇಳಿದೆ. ಅದನ್ನು ಮತ್ತೆ ಹುಟ್ಟಿಸಿ ತೋರಿಸಬೇಕು, ನೀವು ಅವತ್ತು ಮಾಡಿದ್ದು ಏನೆಂದು ಹೇಳಿ ಎಂದೆ.

“ಫಾರಂ ನೋಡಿ ಎಷ್ಟ್ ದಿನ ಆತು?”

“ಹನ್ನೊಂದು ದಿನ.”

“ಹನ್ನೊಂದು ದಿನದಿಂದ ನಂದು ತಪ್ಪಿಲ್ಲ ಅಂತ ನಿಮಗೆ ಗೊತ್ತೈತೆ. ನಂಗೆ ಒಂದ್ ಫೋನ್ ಮಾಡ್ಲಿಲ್ಲ. ಊರೆಲ್ಲ, ರಕ್ತ ಅದ್ಲುಬದ್ಲು ಮಾಡಿದವ್ಳು ಅಂತ ನಗ್ತೈತೆ. ಈಗ ನಿಮ್ ಪ್ರೋಗ್ರಾಂ ರಿಪೇರಿ ಆಗ್ಬೇಕು, ಅದ್ಕೆ ಬಂದ್ರಿ.”

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿದರು.

“ಮೊದ್ಲು ನೀವ್ ಬರ್ದ ಕಾಗದ ವಾಪಸ್ ತಗೊಳ್ಳಿ. ತಪ್ಪಾತು ಅಂತ ಬರ್ದು, ಸಹಿ ಹಾಕಿ, ಡಾಕ್ಟ್ರಿಗೆ ಕೊಟ್ಟು, ಒಂದ್ ಪ್ರತಿ ನಂಗೆ ಕೊಡಿ. ಆಮೇಲೆ ಬತ್ತೀನಿ. ಅಲ್ಲಿಯವ್ರು ಒಪ್ಲಿ ಬಿಡ್ಲಿ, ಅದು ಬೇರೆ.”

ಮರುದಿನ ಬರೆದುಕೊಟ್ಟೆ. ವರದಿ ಕೊಡುವ ಮೊದಲು ಸ್ಥಳಕ್ಕೆ ಹೋಗಲಿಲ್ಲ, ದಾಖಲೆ ನೋಡಲಿಲ್ಲ, ನನ್ನ ತೀರ್ಮಾನ ತಪ್ಪು ಎಂದು ಐದು ಸಾಲು. ಡಾಕ್ಟರರು ಓದಿ, ಇದರ ಮೇಲೆ ನಿನ್ನನ್ನೇ ಮನೆಗೆ ಕಳಿಸಬಹುದು, ಗೊತ್ತುಂಟಾ ಎಂದು ಕೇಳಿದರು. ಗೊತ್ತುಂಟು ಎಂದೆ. ಆದರೂ ಅವರ ಹಟ ಇಳಿಯಲಿಲ್ಲ. ಜುಲೈ 31 ಹಾಗೆಯೇ ಉಳಿಯಿತು.

ಜುಲೈ 16ರ ಭಾನುವಾರ ಕೇಂದ್ರಕ್ಕೆ ರಜೆ. ರೇವತಿ ಬಂದರು. ನನ್ನ ಕಡೆ ನೋಡದೆ ನೇರ ತಮ್ಮ ಕುರ್ಚಿಗೆ ಹೋಗಿ ಕೂತರು. ಮೊದಲು ಮೇಜಿನ ಖಾನೆಯಿಂದ ಒಂದು ರಿಜಿಸ್ಟರ್ ತೆಗೆದು ನನ್ನ ಮುಂದೆ ತಳ್ಳಿದರು. ಖಾಲಿ ರೋಲಿನ ಒಳಗಿನ ನಳಿಕೆ ವಾಪಸ್ ಕೊಟ್ಟರೆ ಮಾತ್ರ ಹೊಸ ರೋಲ್ ಎಂಬ ನಿಯಮ ನಮ್ಮಲ್ಲಿತ್ತು. ಅದಕ್ಕಾಗಿ ಅವರು ಪ್ರತಿ ರೋಲ್ ಬದಲಿಸಿದ ದಿನ, ಗಂಟೆ, ನಿಮಿಷ ಬರೆದಿಟ್ಟಿದ್ದರು. ಜೂನ್ 15, 9 ಗಂಟೆ 12 ನಿಮಿಷ. ಬಾಣಂತಿಯ ಹೆಸರು ಕಂಪ್ಯೂಟರಿಗೆ ಹೋದದ್ದು 9 ಗಂಟೆ 13 ನಿಮಿಷಕ್ಕೆ. ಹಿಂದಿನ ನಾಲ್ಕು ಪ್ರಸಂಗಗಳನ್ನೂ ಹೋಲಿಸಿದೆ. ನಾಲ್ಕೂ ಹೊಸ ರೋಲಿನ ಮೊದಲ ರೋಗಿಯವು.

“ನಾನೂ ರೋಲ್ ಬದಲಿಸಿ ನೋಡಿದೆ. ಹತ್ತು ಸಲ. ಬರಲಿಲ್ಲ” ಎಂದೆ.

“ಹೆಂಗೆ ಬದಲಿಸಿದ್ರಿ?”

ಮಾಡಿ ತೋರಿಸಿದೆ. ರೋಲ್ ಪೂರ್ತಿ ಮುಗಿಯಲು ಬಿಟ್ಟು, ಪುಸ್ತಕದಲ್ಲಿ ಹೇಳಿದಂತೆ ಗುಂಡಿ ಒತ್ತಿ, ದೀಪ ಆರಿದ ಮೇಲೆ ಮುಚ್ಚಳ ತೆಗೆದೆ. ಅವರು ನಗಲಿಲ್ಲ, ಆದರೆ ನಕ್ಕಿದ್ದರೆ ವಾಸಿಯಿತ್ತು.

“ಪೂರ್ತಿ ಮುಗ್ಯಾಕೆ ಬಿಟ್ರೆ ಅದು ಮತ್ತೆ ತಯಾರಾಗಾಕೆ ಐದ್ ನಿಮಿಷ ತಗೋತೈತೆ. ಹೊರಗೆ ಇಪ್ಪತ್ ಜನ ಬೆಳಿಗ್ಗಿಂದ ಖಾಲಿ ಹೊಟ್ಟೇಲಿ ಕೂತಿರ್ತಾರೆ, ಸಕ್ಕರೆ ಕಾಯ್ಲೆಯವ್ರು. ಯಾರಾರ ತಲೆ ತಿರುಗಿ ಬಿದ್ರೆ?”

ರೋಲ್ ಮುಗಿಯುವ ಮೊದಲು ಲೇಬಲ್ ಅಂಚಿನಲ್ಲಿ ಗುಲಾಬಿ ಗೆರೆ ಕಾಣಿಸುತ್ತದೆ. ರೇವತಿ ಅದನ್ನು ಕಂಡೊಡನೆ, ದೀಪ ಇನ್ನೂ ಮಿನುಗುತ್ತಿರುವಾಗಲೇ ಎಡಗೈಯಲ್ಲಿ ಮುಚ್ಚಳ ಎತ್ತಿ, ಬಲಗೈಯಲ್ಲಿ ಹೊಸ ರೋಲ್ ಕೂಡಿಸಿ, ಮುಚ್ಚುತ್ತಿದ್ದರು. ಎಂಟು ಸೆಕೆಂಡಿನ ಕೆಲಸ. ನನ್ನೆದುರು ಮಾಡಿದರು. ಮುಂದಿನ ಹೆಸರು ಹಾಕಿದೆ. ಲೇಬಲ್ ಬಂತು. ಸ್ಕ್ಯಾನರ್ ಹಿಡಿದೆ. ಹಿಂದಿನ ಹೆಸರು ತೋರಿಸಿತು. ಹತ್ತು ಸಲ ಮಾಡಿಸಿದೆ, ಹತ್ತು ಸಲವೂ ಹಿಂದಿನದೇ. ದೀಪ ಆರುವ ಮೊದಲೇ ಮುಚ್ಚಳ ಎತ್ತಿದರೆ ಮುಂದಿನ ಬಾರ್‌ಕೋಡಿನ ಚಿತ್ರ ಪ್ರಿಂಟರಿಗೆ ತಲುಪುತ್ತಿರಲಿಲ್ಲ. ಯಲ್ಲಾಪುರದಲ್ಲಿ ದೋಷ ಕಾಣಿಸದೇ ಇದ್ದದ್ದು ಅಲ್ಲಿ ರೋಲ್ ಪೂರ್ತಿ ಮುಗಿಯುವವರೆಗೆ ಕಾಯುತ್ತಿದ್ದರು ಎಂಬ ಕಾರಣಕ್ಕೆ. ಸಿದ್ದಾಪುರದ್ದು ಮಾತ್ರ ಯಾಕೆ ಎಂದು ನಾನು ಅವರ ವಿರುದ್ಧ ಹೂಡಿದ್ದ ವಾದಕ್ಕೆ ಉತ್ತರ ಇಷ್ಟೇ ಆಗಿತ್ತು: ಅವರು ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದರು.

ಮರುದಿನ ನಿರ್ವಾಹಕರಿಗೆ ಮೇಲ್ ಬರೆದೆ. ನಲವತ್ತೊಂದು ಜನರ ವಿಷಯಕ್ಕೆ ಕ್ಷಮೆ ಕೇಳಿದೆ. ಪೂರ್ವಪೀಠಿಕೆ ಇಲ್ಲ, ಅನ್ಯಾಯ ಇಲ್ಲ, ಎಚ್ಚರಿಕೆ ಇಲ್ಲ. ಪ್ಯಾಕೇಜಿನ ಹೆಸರು, ಆವೃತ್ತಿ, ಹೊಸ ಆವೃತ್ತಿಯಲ್ಲಿ ಆದ ರಿಪೇರಿಯ ಕೊಂಡಿ, ದೋಷ ಹುಟ್ಟಿಸುವ ನಾಲ್ಕು ಹಂತ, ಹತ್ತರಲ್ಲಿ ಹತ್ತು ಸಲ. ಒಟ್ಟು ಏಳು ಸಾಲು. ಕೊನೆಯಲ್ಲಿ ‘ಹಂತಗಳನ್ನು ಕಂಡುಕೊಂಡವರು: ರೇವತಿ ನಾಯ್ಕ, ಸಿದ್ದಾಪುರ’ ಎಂದು ಸೇರಿಸಿದೆ. ಮರುದಿನವೇ ಬೀಗ ತೆಗೆದರು. ಮೇಂಟೇನರ್ ತನ್ನ ಬಳಿಯೂ ದೋಷ ಹುಟ್ಟಿತು ಎಂದು ಬರೆದ. ಜುಲೈ 28ಕ್ಕೆ ‘ಗಂಭೀರ ದೋಷ, ಬ್ಯಾಕ್‌ಪೋರ್ಟ್‌ಗೆ ಒಪ್ಪಲಾಗಿದೆ’ ಎಂದು ಪುಟದ ಮೇಲೆ ಬಿತ್ತು. ಪರೀಕ್ಷೆಗೆ ಬಿಟ್ಟ ಪ್ಯಾಕೇಜಿನ ಜೊತೆಗೆ ನನಗೊಂದು ಸಾಲು ಬರೆದಿದ್ದ: ‘ಪರೀಕ್ಷಿಸಿ ತಿಳಿಸಿ. ಗೆಳೆಯರನ್ನು ಕರೆತರಬೇಡಿ.’ ಅವನು ಕೊನೆಯವರೆಗೂ ಒಂದು ಒಳ್ಳೆಯ ಮಾತಾಡಲಿಲ್ಲ. ನಾನೂ ಅದನ್ನು ಎದುರುನೋಡಲಿಲ್ಲ.

ಜುಲೈ 31ರಂದು ಆ ಪುಟವನ್ನು ಮುದ್ರಿಸಿ ಡಾಕ್ಟರರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ನೋಂದಣಿ ಕಚೇರಿಗೆ ಬರೆದಿಟ್ಟಿದ್ದ ದೂರನ್ನು ಹರಿದರು. ರೇವತಿಗೆ ಅವರೇ ಫೋನ್ ಮಾಡಿ ನಾಳೆಯಿಂದ ಬಾ ಎಂದರು. ಕ್ಷಮೆ ಕೇಳಲಿಲ್ಲ. ಆಗಸ್ಟ್ 8ರಂದು ರಿಪೇರಿಯಾದ ಪ್ಯಾಕೇಜ್ ಅಧಿಕೃತವಾಗಿ ಬಂತು. ಬದಲಾವಣೆಯ ಪಟ್ಟಿಯಲ್ಲಿ ‘ವರದಿ ಮಾಡಿದವರು ಮತ್ತು ಹಂತಗಳನ್ನು ಕೊಟ್ಟವರು’ ಎಂದು ರೇವತಿಯ ಹೆಸರಿತ್ತು. ನನ್ನ ಹೆಸರು ಇರಲಿಲ್ಲ. ಬಾರ್‌ಕೋಡಿನ ಕೆಳಗಿನ ಅಂಕಿಗಳನ್ನು ನಾನು ಅಂದೇ ವಾಪಸ್ ಹಾಕಿದೆ.

ಪಟ್ಟಿಯ ಆ ಪುಟವನ್ನು ಹಿಡಿದು ಸಿದ್ದಾಪುರಕ್ಕೆ ಹೋದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ರೇವತಿ ಒಬ್ಬ ಅಜ್ಜಿಯ ತೋಳಿಗೆ ಹತ್ತಿ ಒತ್ತಿ, ಅವರನ್ನು ಹೊರಗೆ ಕಳಿಸಿ, ಕೈಗವಸು ತೆಗೆದು ಕಾಗದ ಓದಿದರು. ತಮ್ಮ ಹೆಸರಿನ ಮೇಲೆ ಒಂದು ಕ್ಷಣ ಬೆರಳಿಟ್ಟರು. ಆಮೇಲೆ ನನ್ನನ್ನು ಮೊದಲ ಬಾರಿಗೆ ನೇರವಾಗಿ ನೋಡಿದರು.

“ಆ ಮನ್ಷ ನಿಮ್ನ ಕಂಡಿಲ್ಲ, ನನ್ನ ಕಂಡಿಲ್ಲ. ಸಮುದ್ರದ ಆಚೆ ಕೂತ್ಕೊಂಡು, ತೋರ್ಸಿ ಅಂದ. ನೀವು ಮೂವತ್ತಾರು ಕಿಲೋಮೀಟರ್ ದೂರ ಇದ್ರಿ ಸಾರ್. ಬಂದು ನೋಡಿ ಅಂತ ನಾನೇ ಕರ್ದೆ. ಬರ್ಲಿಲ್ಲ. ಯುಪಿಎಸ್ ಬ್ಯಾಟ್ರಿ ಹೋತು ಅಂದಾಗ ಬಂದ್ರಿ.”

ಕಾಗದ ಮಡಚಿ ಖಾನೆಯಲ್ಲಿಟ್ಟು, ಮುಂದಿನವರನ್ನು ಕೂಗಿದರು.

ನನ್ನಿಂದ ಆದದ್ದು ಒಂದೇ. ಶಿರಸಿಗೆ ವಾಪಸ್ ಬಂದು ತಪ್ಪುಗಳನ್ನು ವರದಿ ಮಾಡುವ ನಮ್ಮ ಫಾರಂ ಬದಲಿಸಿದೆ. ‘ಕಾರಣ’ ಎಂಬ ಜಾಗದ ಮೇಲೆ ಇನ್ನೆರಡು ಜಾಗ ಸೇರಿಸಿದೆ: ‘ಬಂದು ನೋಡಿ ಎಂದು ಕರೆದ ದಿನಾಂಕ’ ಮತ್ತು ‘ಸ್ಥಳಕ್ಕೆ ಹೋಗಿ, ಕೆಲಸ ಮಾಡುವವರ ಪಕ್ಕ ಕೂತು ನೋಡಿದ ದಿನಾಂಕ’. ಅವನ್ನು ತುಂಬದಿದ್ದರೆ ಕಂಪ್ಯೂಟರ್ ಮುಂದಿನ ಜಾಗ ತೆರೆಯುವುದಿಲ್ಲ. ಯಂತ್ರ ಬರೆದಿಟ್ಟದ್ದನ್ನು ಓದಿ ಮನುಷ್ಯರ ಮೇಲೆ ತೀರ್ಪು ಕೊಡಬಾರದು ಎಂಬುದನ್ನು ಕಲಿಯಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ನಂತರ ಬರುವವನಿಗೆ ಅಷ್ಟು ಬೇಡ ಎಂದು ಆ ಏರ್ಪಾಡು.

ಹೊಸ ಫಾರಂನಲ್ಲಿ ಮೊದಲು ತುಂಬಿದ್ದು ಜೂನ್ 15ರ ಪ್ರಕರಣವನ್ನೇ. ಕಾರಣದ ಜಾಗದಲ್ಲಿ ಪ್ಯಾಕೇಜಿನ ದೋಷ ಬರೆದೆ. ಅದರ ಕೆಳಗೆ ಬಾರ್‌ಕೋಡಿನ ಅಂಕಿಗಳನ್ನು ತೆಗೆದುಹಾಕಿದ್ದನ್ನು, ಅದರೆದುರು ನನ್ನ ಹೆಸರನ್ನು ಬರೆದೆ. ನೋಡಿದ ದಿನಾಂಕ ಜುಲೈ 16. ರೇವತಿ ಬಂದು ನೋಡಿ ಎಂದು ಕರೆದ ದಿನ ಜೂನ್ 20. ನಡುವೆ ಇಪ್ಪತ್ತಾರು ದಿನ ಎಂದು ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಕೆಂಪಕ್ಷರದಲ್ಲಿ ತೋರಿಸಿತು. ಹಾಗೆ ತೋರಿಸುವಂತೆ ಅದಕ್ಕೆ ಹೇಳಿಕೊಟ್ಟವನೂ ನಾನೇ.